ಮೊದಲ ಆಲ್ಬಂ: ಡೊಳ್ಳು, ಗಿಟಾರ್, ಹಾಡು ಕೂಡಿಸಿ ಮುದ್ರಿಸುವ ಬಗೆ

ಪ್ರಶ್ನೆ: ನಮ್ಮದು ಧಾರವಾಡದ ಐದು ಜನರ ತಂಡ. ಒಬ್ಬಾಕೆ ಹಾಡುತ್ತಾಳೆ. ಅಕೌಸ್ಟಿಕ್ ಗಿಟಾರ್, ಬೇಸ್, ವಯಲಿನ್‌ಗೆ ಒಬ್ಬೊಬ್ಬರಿದ್ದಾರೆ. ಇನ್ನೊಬ್ಬ ಡೊಳ್ಳು, ತಮಟೆ ಎರಡನ್ನೂ ನುಡಿಸುತ್ತಾನೆ. ಕೆಲವು ಹಾಡಿಗೆ ಏಕತಾರಿ, ಹಾರ್ಮೋನಿಯಂ ಬೇಕು. ಶರೀಫರ ಎರಡು ಪದ, ಬೇಂದ್ರೆಯವರ ಒಂದು ಕವಿತೆ, ಒಂದು ಬೀಸುವ ಪದ, ನಮ್ಮವೇ ಐದು, ಒಟ್ಟು ಒಂಬತ್ತು ಹಾಡು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ನಾಲ್ಕು ದಿನ ಕಾಯ್ದಿರಿಸಿದ್ದೇವೆ. ಪ್ರಯೋಗಕ್ಕೆಂದು ಒಂದು ಹಾಡನ್ನು ಚಿಕ್ಕ ಸ್ಟುಡಿಯೋದಲ್ಲಿ ಕ್ಲಿಕ್ (ವೇಗ ತಪ್ಪದಿರಲೆಂದು ಹೆಡ್‌ಫೋನಿನಲ್ಲಿ ಕೇಳಿಸುವ ಟಿಕ್‌ಟಿಕ್) ಹಾಕಿಕೊಂಡು ಒಬ್ಬೊಬ್ಬರಾಗಿ ಮುದ್ರಿಸಿದೆವು. ತಾಳ, ಶ್ರುತಿ ಎಲ್ಲ ಸರಿಯಿದೆ, ಆದರೆ ವೇದಿಕೆಯ ಮೇಲಿನ ಜೀವ ಇಲ್ಲ. ಡೊಳ್ಳಂತೂ ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತದೆ. ಏನು ಮಾಡಬೇಕು?

ಉತ್ತರ: ತೊಂದರೆ ಇರುವುದು ಒಬ್ಬೊಬ್ಬರಾಗಿ ಮುದ್ರಿಸಿದ ಕ್ರಮದಲ್ಲೇ. ಜನಪದ ಹಾಡಿನ ನಡೆ ಯಾರೊಬ್ಬರ ಕೈಯಲ್ಲೂ ಇರುವುದಿಲ್ಲ. ಹಾಡುವವರು ಸೊಲ್ಲಿನ ಕೊನೆಯನ್ನು ಎಳೆದರೆ ಡೊಳ್ಳಿನವರು ಒಂದಿಷ್ಟು ಕಾಯುತ್ತಾರೆ. ಡೊಳ್ಳು ಏರಿದರೆ ಗಿಟಾರಿನ ಕೈಯೂ ತಾನಾಗಿ ಬಿಗಿಯಾಗುತ್ತದೆ. ಮೊದಲು ಗಿಟಾರ್ ಒಂದನ್ನೇ ಕ್ಲಿಕ್ಕಿಗೆ ನುಡಿಸಿದಾಗ ಅದಕ್ಕೆ ಮಾರುತ್ತರ ಕೊಡುವವರು ಯಾರೂ ಇರುವುದಿಲ್ಲ. ಆಮೇಲೆ ಬಂದವರೆಲ್ಲ ಆ ಒಂಟಿ ಗಿಟಾರಿಗೆ ಹೊಂದಿಕೊಂಡು ನುಡಿಸುತ್ತಾರೆ. ಹೀಗಾಗಿ ನನ್ನ ಸಲಹೆ ಇಷ್ಟು: ಡೊಳ್ಳು ಅಥವಾ ತಮಟೆ, ಗಿಟಾರ್, ಬೇಸ್, ಹಾಡು ಈ ನಾಲ್ಕನ್ನು ಒಂದೇ ಹೊತ್ತಿಗೆ ಮುದ್ರಿಸಿ. ವಯಲಿನ್, ಏಕತಾರಿ, ಹಾರ್ಮೋನಿಯಂ, ಹಿಮ್ಮೇಳದ ದನಿಗಳನ್ನು ಆಮೇಲೆ ಕೂಡಿಸಿ.

ಇಂಡೀ ಫೋಕ್ ಎಂದ ಕೂಡಲೇ ಬಹಳ ಜನ ಬೋನ್ ಈವೆರ್‌ನ ಮೊದಲ ಆಲ್ಬಂ ನೆನೆಯುತ್ತಾರೆ. 2006-07ರ ಚಳಿಗಾಲದಲ್ಲಿ ಆ ಹೆಸರಿನ ಹಿಂದಿರುವ ಗಾಯಕ ಜಸ್ಟಿನ್ ವರ್ನನ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತಂದೆಯ ಕಾಡುಮನೆಯಲ್ಲಿ ಕುಳಿತು, ಸಾಧಾರಣ ಸಲಕರಣೆಯಲ್ಲೇ ದನಿಯ ಮೇಲೆ ದನಿ ಪೇರಿಸಿ ಅದರ ಬಹುಭಾಗವನ್ನು ಮುದ್ರಿಸಿದರು. ಅದು ಒಬ್ಬ ಮನುಷ್ಯನ ಕೆಲಸ, ಆದ್ದರಿಂದ ಒಂದರ ಮೇಲೊಂದು ಪೇರಿಸುವ ಕ್ರಮ ಅಲ್ಲಿ ಒಪ್ಪಿತು. ಐದು ಜನರ ತಂಡ ಅದೇ ದಾರಿ ಹಿಡಿದರೆ ತನ್ನ ಮುಖ್ಯ ಬಲವನ್ನೇ ಬಿಟ್ಟುಕೊಟ್ಟಂತೆ. ನಿಮಗೆ ಹೆಚ್ಚು ಕಲಿಸುವುದು ಕೆನಡಾದ ಕೌಬಾಯ್ ಜಂಕೀಸ್ ತಂಡದ ಎರಡನೇ ಆಲ್ಬಂ. 1987ರ ನವೆಂಬರ್ 27ರಂದು ಟೊರಾಂಟೋದ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಒಂದೇ ಮೈಕಿನ ಸುತ್ತ ಕೂತು ಅವರು ಅದನ್ನು ಮುದ್ರಿಸಿದರು. ಹಾಡುವಾಕೆಯ ದನಿ ವಾದ್ಯಗಳ ನಡುವೆ ಮುಳುಗದಿರಲಿ ಎಂದು ಅದನ್ನು ಸ್ಪೀಕರಿನ ಮೂಲಕ ಹೊರಡಿಸಿದರು. ನೀವು ಒಂದೇ ಮೈಕಿಗೆ ಇಳಿಯಬೇಕಾಗಿಲ್ಲ, ಡೊಳ್ಳು ಇರುವ ತಂಡಕ್ಕೆ ಅದು ಆಗುವ ಮಾತೂ ಅಲ್ಲ. ಯಾರು ಎಲ್ಲಿ ಕೂರಬೇಕು, ಯಾರ ಸದ್ದು ಎಷ್ಟಿರಬೇಕು ಎನ್ನುವುದನ್ನು ಮುದ್ರಣಕ್ಕೆ ಮೊದಲೇ ನಿರ್ಧರಿಸುವ ಆ ಶಿಸ್ತನ್ನು ಮಾತ್ರ ತೆಗೆದುಕೊಳ್ಳಿ.

ಡೊಳ್ಳಿನಿಂದ ಶುರುಮಾಡೋಣ. ಡಬ್ಬದ ಸದ್ದು ಬರಲು ಸಾಮಾನ್ಯವಾಗಿ ನಾಲ್ಕು ಕಾರಣ ಇರುತ್ತವೆ, ನಿಮ್ಮ ಪ್ರಯೋಗದಲ್ಲಿ ನಾಲ್ಕೂ ಇದ್ದಿರಬಹುದು. ಹಾಡುವವರಿಗೆಂದು ಕಟ್ಟಿದ ಚಿಕ್ಕ ಬೂತಿನಲ್ಲಿ ಡೊಳ್ಳು ಬಾರಿಸುವುದು ಮೊದಲನೆಯದು. ಗೋಡೆಗೆ ಅಂಟಿಸಿದ ಫೋಮ್ ಎತ್ತರದ ಸ್ವರಾಂಶಗಳನ್ನಷ್ಟೇ ಹೀರುತ್ತದೆ, ತಗ್ಗಿನವು ಹಾಗೇ ಉಳಿಯುತ್ತವೆ. ಎರಡೂವರೆ ಮೀಟರ್ ಉದ್ದದ ಕೋಣೆ ಸುಮಾರು 69 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ. ಆ ಒಂದು ಸ್ವರ ಮಾತ್ರ ಉಬ್ಬಿ, ಸುತ್ತಲಿನವು ಸೊರಗುತ್ತವೆ. ಡೊಳ್ಳಿಗೆ ಸ್ಟುಡಿಯೋದ ದೊಡ್ಡ ಹಾಲೇ ಬೇಕು, ಅದನ್ನು ನಡುಮಧ್ಯಕ್ಕೂ ಮೂಲೆಗೂ ಇಡದೆ ಕೋಣೆಯ ಉದ್ದದ ಮೂರನೇ ಒಂದು ಭಾಗದ ಹತ್ತಿರ ನಿಲ್ಲಿಸಿ. ಎರಡನೆಯದು, ಡೊಳ್ಳನ್ನು ನೆಲಕ್ಕೆ ಒರಗಿಸುವುದು. ನೆಲಕ್ಕೋ ಬಟ್ಟೆಗೋ ತಾಗಿದ ಮುಖ ಉಸಿರಾಡುವುದಿಲ್ಲ. ವೇದಿಕೆಯಲ್ಲಿ ಮಾಡುವಂತೆ ಕೊರಳಿಗೆ ಹಾಕಿಕೊಂಡೇ ಬಾರಿಸಲಿ. ಕುಣಿತದ ಹೆಜ್ಜೆಯ ಸದ್ದು ಬರುತ್ತದೆ ಎನಿಸಿದರೆ ಕಾಲಡಿ ದಪ್ಪ ಜಮಖಾನ ಹಾಸಿ, ಗೆಜ್ಜೆ ಬಿಚ್ಚಿಡಿ.

ಮೂರನೆಯದು ಚರ್ಮದ ಹದ. ಏಸಿ ಕೋಣೆಯ ಒಣಗಾಳಿಗೆ ಚರ್ಮ ಬಿಗಿಯುತ್ತದೆ, ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟರೆ ಸಡಿಲುತ್ತದೆ. ಮುದ್ರಣಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಎಲ್ಲ ವಾದ್ಯಗಳನ್ನೂ ಅದೇ ಹಾಲಿನಲ್ಲಿ ತೆರೆದಿಡಿ, ಏಸಿಯನ್ನು ಒಂದೇ ಉಷ್ಣತೆಗೆ ನಿಲ್ಲಿಸಿ, ದಿನವಿಡೀ ಬದಲಿಸಬೇಡಿ. ಡೊಳ್ಳಿನ ಹಗ್ಗವನ್ನು ಹಾಡು ಹಾಡಿಗೂ ನೋಡಿಕೊಳ್ಳಬೇಕು. ಚರ್ಮದ ತಮಟೆಯನ್ನು ಕಾಯಿಸಲು ಸ್ಟುಡಿಯೋ ಒಳಗೆ ಬೆಂಕಿ ಹಾಕಲಾಗದು. ಒಂದು ಎಲೆಕ್ಟ್ರಿಕ್ ಕಾಯಿಲ್ ಒಲೆ ಒಯ್ದು ಹೊರಗೆ ಕಾಯಿಸಿಕೊಳ್ಳಿ. ಕಾದ ಬಿಗಿ ಒಂದೆರಡು ಟೇಕ್ (ಹಾಡನ್ನು ಒಂದು ಸಲ ಮುದ್ರಿಸುವುದು) ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಮೊದಲ ಟೇಕಿನ ತಮಟೆಗೂ ಐದನೆಯದರ ತಮಟೆಗೂ ಶ್ರುತಿ ಬೇರೆಯಾದರೆ ಎರಡನ್ನು ಕತ್ತರಿಸಿ ಸೇರಿಸಲಾಗುವುದಿಲ್ಲ. ಎರಡು ತಮಟೆ ಇಟ್ಟುಕೊಂಡು ಒಂದನ್ನು ಕಾಯಿಸುತ್ತ ಇನ್ನೊಂದನ್ನು ನುಡಿಸಿದರೆ ಕೆಲಸ ನಿಲ್ಲುವುದಿಲ್ಲ.

ನಾಲ್ಕನೆಯದನ್ನು ಎಂಜಿನಿಯರುಗಳೂ ಮರೆಯುತ್ತಾರೆ. ಡೊಳ್ಳಿಗೆ ಎರಡು ಮುಖ, ಎರಡಕ್ಕೂ ಮೈಕ್ ಬೇಕು. ಕೈ ಬಡಿಯುವ ಮುಖಕ್ಕೆ ಕಿಕ್ ಡ್ರಮ್ಮಿಗೆ ಬಳಸುವ ದೊಡ್ಡ ಡೈನಮಿಕ್ ಮೈಕನ್ನು 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ಕೋಲಿನ ಮುಖಕ್ಕೆ ಶ್ಯೂರ್ ಎಸ್‌ಎಂ57 ಥರದ ಮೈಕನ್ನು ಅಷ್ಟೇ ದೂರದಲ್ಲಿ ಸ್ವಲ್ಪ ಓರೆಯಾಗಿ ಇಡಿ. ಒಂದು ಮುಖಕ್ಕೆ ಪೆಟ್ಟು ಬಿದ್ದಾಗ ಅದು ತನ್ನ ಮೈಕಿನಿಂದ ಹಿಂದೆ ಸರಿಯುತ್ತದೆ. ಒಳಗಿನ ಗಾಳಿ ತಳ್ಳುವುದರಿಂದ ಎದುರು ಮುಖ ತನ್ನ ಮೈಕಿನ ಕಡೆಗೆ ಉಬ್ಬುತ್ತದೆ. ಎರಡು ಸಂಕೇತಗಳೂ ಹೀಗೆ ವಿರುದ್ಧವಾಗಿರುವಾಗ ಕೂಡಿಸಿದರೆ ಗುಡುಗಿನ ಭಾಗವೇ ಕಳೆದುಹೋಗಿ ಕೋಲಿನ ಟಕಟಕ ಮಾತ್ರ ಉಳಿಯುತ್ತದೆ. ಒಂದು ಚಾನೆಲ್ಲಿನ ಪೋಲಾರಿಟಿ ಗುಂಡಿ (ಸಂಕೇತವನ್ನು ತಲೆಕೆಳಗು ಮಾಡುವುದು) ಒತ್ತಿ ಕೇಳಿ, ಯಾವ ಸ್ಥಿತಿಯಲ್ಲಿ ತಳ ಹೆಚ್ಚು ತುಂಬುತ್ತದೋ ಅದನ್ನೇ ಇಟ್ಟುಕೊಳ್ಳಿ. ಮೂರನೇ ಮೈಕ್ ಎರಡು ಮೀಟರ್ ದೂರದಲ್ಲಿ ಎದೆಯೆತ್ತರಕ್ಕಿರಲಿ. ಡೊಳ್ಳು ಡೊಳ್ಳಾಗಿ ಕೇಳುವುದು ಈ ದೂರದ ಮೈಕಿನಿಂದಲೇ, ಹತ್ತಿರದ ಎರಡು ಅದಕ್ಕೆ ಅಂಚು ಕೊಡುತ್ತವೆ. ತಮಟೆಯ ಪೆಟ್ಟು ಬಹಳ ಚೂಪಾದ್ದರಿಂದ ಮೈಕನ್ನು 50-60 ಸೆಂಟಿಮೀಟರ್ ಹಿಂದಕ್ಕೆ ಒಯ್ದು, ಮುಖಕ್ಕೆ ನೇರವಾಗಿ ತೋರಿಸದೆ ಇಡಿ. ಮೀಟರಿನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 10 ಡೆಸಿಬೆಲ್ ದಾಟದಂತೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಿ. 24 ಬಿಟ್ ಮುದ್ರಣದಲ್ಲಿ ಮೆಲ್ಲಗೆ ತೆಗೆದುಕೊಂಡರೆ ನಷ್ಟವಿಲ್ಲ. ಒಮ್ಮೆ ಸೀಳಿದ ಪೆಟ್ಟನ್ನು ಮಾತ್ರ ಪೂರ್ತಿ ಸರಿಪಡಿಸಲಾಗದು.

ಈಗ ಉಳಿದವರ ಜಾಗ. ಹಾಡುವಾಕೆ ಗಾಜಿನ ಬೂತಿನಲ್ಲಿ ನಿಲ್ಲಲಿ, ಆದರೆ ಡೊಳ್ಳಿನವನ ಮುಖ ಕಾಣಲೇಬೇಕು. ಯಾರ ಕಣ್ಣಿಗೆ ಯಾರು ಬೀಳಬೇಕು ಎಂಬ ಆಯ್ಕೆ ಬಂದರೆ ಈ ಜೋಡಿಗೇ ಮೊದಲ ಹಕ್ಕು. ಬೇಸ್ ಗಿಟಾರನ್ನು ಡಿಐ ಪೆಟ್ಟಿಗೆಯ (ವಾದ್ಯದ ತಂತಿಯನ್ನು ಮೈಕಿಲ್ಲದೆ ಮುದ್ರಣಕ್ಕೆ ಜೋಡಿಸುವ ಪೆಟ್ಟಿಗೆ) ಮೂಲಕ ನೇರ ತೆಗೆದುಕೊಳ್ಳಿ, ಆಂಪ್ಲಿಫೈಯರ್ ಬೇಡ. ಆಗ ಬೇಸಿನವರು ಡೊಳ್ಳಿನ ಪಕ್ಕದಲ್ಲೇ ಕೂತರೂ ಸದ್ದು ಬೆರೆಯುವುದಿಲ್ಲ. ಕಷ್ಟ ಕೊಡುವುದು ಅಕೌಸ್ಟಿಕ್ ಗಿಟಾರ್. ಅದಕ್ಕೆ ಎರಡನೇ ಕೋಣೆ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಡೊಳ್ಳಿನಿಂದ ನಾಲ್ಕೈದು ಮೀಟರ್ ದೂರ, ನಡುವೆ ದಪ್ಪ ಹಾಸಿಗೆ ನಿಲ್ಲಿಸಿ, ಮೈಕಿನ ಕಿವುಡು ಬದಿ ಡೊಳ್ಳಿನ ಕಡೆಗಿರುವಂತೆ ತಿರುಗಿಸಿ. ಗಿಟಾರಿನ ಮೈಕ್ ಹನ್ನೆರಡನೇ ಫ್ರೆಟ್ಟಿನ ಎದುರು 20-30 ಸೆಂಟಿಮೀಟರಿನಲ್ಲಿರಲಿ, ತೂತಿನ ಎದುರು ಇಟ್ಟರೆ ಗುಂಯ್‌ಗುಡುತ್ತದೆ. ಗಿಟಾರಿನೊಳಗಿನ ಪಿಕಪ್ಪಿನ ಸದ್ದನ್ನು ಹೆಡ್‌ಫೋನಿಗೆ ಮಾತ್ರ ಕೊಡಿ, ಆಲ್ಬಂಗೆ ಬೇಡ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಐದು ಮೀಟರ್ ದೂರದ ಗಿಟಾರ್ ಮೈಕಿಗೆ ಡೊಳ್ಳು 15 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಬೆರೆತದ್ದು ಕಡಿಮೆಯಿದ್ದರೆ ಅದು ಕೋಣೆಯ ಗುಣವಾಗಿ ಕೇಳುತ್ತದೆ, ಹೆಚ್ಚಾದರೆ ಪೆಟ್ಟು ಎರಡಾಗಿ ಒಡೆದು ಕೇಳುತ್ತದೆ. ಎಲ್ಲರಿಗೂ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು.

ಹಾಡಿನ ಮೈಕ್ ಬಾಯಿಯಿಂದ 15-20 ಸೆಂಟಿಮೀಟರ್ ದೂರ, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಜಾಲರಿ. ಪಲ್ಲವಿಯಲ್ಲಿ ದನಿ ಏರುವ ಹಾಡುಗಳಿಗೆ ನೆಲದ ಮೇಲೆ ಎರಡು ಟೇಪಿನ ಗುರುತು ಹಾಕಿ: ನುಡಿಗೆ ಒಂದು, ಅಲ್ಲಿಂದ ಒಂದಡಿ ಹಿಂದೆ ಪಲ್ಲವಿಗೆ ಇನ್ನೊಂದು. ಈ ಹಾಡನ್ನು ಬರೀ ಗೈಡ್ ಟ್ರ್ಯಾಕ್ (ಉಳಿದವರಿಗೆ ದಾರಿ ತೋರಿಸಿ ಆಮೇಲೆ ಬಿಟ್ಟುಬಿಡುವ ಹಾಡಿಕೆ) ಎಂದು ಅಗ್ಗದ ಮೈಕಿನಲ್ಲಿ ತೆಗೆಯಬೇಡಿ. ಎಲ್ಲರೂ ಕೂಡಿ ನುಡಿಸುವಾಗ ಬಂದ ಹಾಡೇ ಬಹಳ ಸಲ ಕೊನೆಗೂ ಉಳಿಯುತ್ತದೆ. ಹಾಡಿನ ಕಾಲ ತಿದ್ದುವಾಗ ಎಂಜಿನಿಯರಿಗೆ ಕನ್ನಡ ಬಾರದಿದ್ದರೆ ತಂಡದ ಒಬ್ಬರು ಪಕ್ಕದಲ್ಲಿ ಕೂರಲೇಬೇಕು. ಒತ್ತಕ್ಷರದ ಮೇಲಿನ ಕ್ಷಣದ ತಡೆಯನ್ನು ಸಾಫ್ಟ್‌ವೇರ್ ಖಾಲಿ ಜಾಗವೆಂದು ಕುಗ್ಗಿಸಿಬಿಡುತ್ತದೆ, ದೀರ್ಘವನ್ನು ಹ್ರಸ್ವ ಮಾಡುತ್ತದೆ. ಶರೀಫರ ಪದಕ್ಕೆ ಹಾಗಾಗಬಾರದು.

ಕ್ಲಿಕ್ ಬೇಕೇ? ಎಲ್ಲ ಹಾಡಿಗೂ ಬೇಡ. ಮನೆಯಲ್ಲಿ ತಾಲೀಮಿನ ಹೊತ್ತು ಪ್ರತಿ ಹಾಡನ್ನೂ ಫೋನಿನಲ್ಲಿ ಮೂರು ಸಲ ಮುದ್ರಿಸಿ, ಶುರುವಿನ ವೇಗ ಎಷ್ಟು, ಕೊನೆಯದೆಷ್ಟು ಎಂದು ಅಳೆದು ಬರೆದಿಡಿ. ನಿಮಿಷಕ್ಕೆ 92 ಪೆಟ್ಟಿನಲ್ಲಿ ಶುರುವಾದ ಹಾಡು ಮೂರು ಸಲವೂ 100ರ ಆಸುಪಾಸಿನಲ್ಲಿ ಮುಗಿದರೆ ಆ ಏರಿಕೆ ಹಾಡಿನದೇ ಗುಣ, ಅದನ್ನು ಕ್ಲಿಕ್ಕಿಗೆ ಕಟ್ಟಿಹಾಕಬಾರದು. ಅಂಥ ಹಾಡಿಗೆ ಮೊದಲ ಎರಡು ಆವರ್ತ ಮಾತ್ರ ಕ್ಲಿಕ್ ಕೇಳಿಸಿ ನಿಲ್ಲಿಸಿಬಿಡಿ. ಎಲ್ಲ ಟೇಕೂ ಒಂದೇ ವೇಗದಲ್ಲಿ ಹೊರಡುತ್ತವೆ, ಹೀಗಾಗಿ ಒಂದರ ತುಂಡನ್ನು ಇನ್ನೊಂದಕ್ಕೆ ಜೋಡಿಸಬಹುದು. ಒಂದು ಸಲ 98, ಇನ್ನೊಂದು ಸಲ 106 ಎಂದು ಅಡ್ಡಾದಿಡ್ಡಿ ಬಂದರೆ ಅದು ತಾಲೀಮಿನ ಕೊರತೆ, ಅದಕ್ಕೆ ಸ್ಟುಡಿಯೋದಲ್ಲಿ ಮದ್ದಿಲ್ಲ. ನಮ್ಮ ಬೀಸುವ ಪದ, ಕೋಲಾಟದ ಹಾಡುಗಳಲ್ಲಿ ಮೂರರ ನಡೆ ಬಹಳ. ಅಂಥ ಹಾಡಿಗೆ ಕ್ಲಿಕ್ಕನ್ನು ನಾಲ್ಕರ ಲೆಕ್ಕದಲ್ಲಿ ಇಟ್ಟರೆ ಡೊಳ್ಳಿನವನು ಅದರೊಂದಿಗೆ ಗುದ್ದಾಡುತ್ತಲೇ ಇರುತ್ತಾನೆ. ಆರು ಮಾತ್ರೆಗೆ ಎರಡೇ ಪೆಟ್ಟು ಬರುವಂತೆ ಇಡಿ. ಕ್ಲಿಕ್ ಎಂದರೆ ಮೆಟ್ರೊನೋಮಿನ ಟಿಕ್‌ಟಿಕ್ಕೇ ಆಗಬೇಕಿಲ್ಲ. ಕಂಜರದ ಒಂದು ಆವರ್ತವನ್ನು ಮುದ್ರಿಸಿ ಅದನ್ನೇ ಸುತ್ತಿಸಿದರೂ ಆದೀತು.

ಶ್ರುತಿಯ ವಿಷಯದಲ್ಲಿ ಹಾರ್ಮೋನಿಯಮ್ಮೇ ಯಜಮಾನ. ಅದರ ರೀಡುಗಳನ್ನು ಅಲ್ಲಿ ಕೂತು ತಿದ್ದಲಾಗದು. ಹಳೆಯ ಪೆಟ್ಟಿಗೆಗಳು ಎ ಸ್ವರಕ್ಕೆ ರೂಢಿಯಲ್ಲಿರುವ 440 ಹರ್ಟ್ಸ್‌ಗಿಂತ ಸ್ವಲ್ಪ ಮೇಲೋ ಕೆಳಗೋ ಇರುವುದು ಸಾಮಾನ್ಯ. ಟ್ಯೂನರಿನಲ್ಲಿ ನೋಡಿ, ಅದು 443 ಇದ್ದರೆ ಆ ಹಾಡಿನ ಗಿಟಾರ್, ಬೇಸ್, ಏಕತಾರಿ, ವಯಲಿನ್ ಎಲ್ಲವನ್ನೂ 443ಕ್ಕೇ ಕೂಡಿಸಿ. ಹಾರ್ಮೋನಿಯಂ ಆಮೇಲೆ ಬರುತ್ತದಲ್ಲ ಎಂದು ಇದನ್ನು ಮರೆತರೆ ಆ ಹಾಡಿನಲ್ಲಿ ಅದನ್ನು ಬಿಟ್ಟೇಬಿಡಬೇಕಾಗುತ್ತದೆ. ಗಿಟಾರಿನ ತಂತಿಗಳನ್ನು ಮುದ್ರಣದ ಹಿಂದಿನ ದಿನ ಬದಲಿಸಿ ಕೆಲವು ಗಂಟೆ ನುಡಿಸಿಡಿ, ಅದೇ ಬೆಳಗ್ಗೆ ಹಾಕಿದ ತಂತಿ ದಿನವಿಡೀ ಇಳಿಯುತ್ತಲೇ ಇರುತ್ತದೆ. ವೇದಿಕೆಯ ಉತ್ಸಾಹದಲ್ಲಿ ಹಾಡುವ ಮನೆಯನ್ನೇ (ಶ್ರುತಿಯ ಎತ್ತರವನ್ನೇ) ಸ್ಟುಡಿಯೋದಲ್ಲೂ ಹಿಡಿಯಬೇಕೆಂದಿಲ್ಲ. ಅರ್ಧ ಮನೆ ಇಳಿಸಿದರೆ ತತ್ವಪದದ ಮಾತು ಎಷ್ಟೋ ಸಲ ಹೆಚ್ಚು ಸ್ಪಷ್ಟವಾಗುತ್ತದೆ, ತಾಲೀಮಿನಲ್ಲೇ ಎರಡೂ ಹಾಡಿ ನೋಡಿ.

ನಾಲ್ಕು ದಿನಕ್ಕೆ ಒಂಬತ್ತು ಹಾಡು ಹೆಚ್ಚಾಯಿತು. ದಿನಕ್ಕೆ ಎಂಟು ಗಂಟೆಯಂತೆ ಒಟ್ಟು 32 ಗಂಟೆ. ಮೈಕ್ ಜೋಡಿಸಿ ಸದ್ದು ಹದಕ್ಕೆ ತರಲು ನಾಲ್ಕು ಗಂಟೆ ಹೋಯಿತು. ಕೂಡಿ ನುಡಿಸುವ ಭಾಗಕ್ಕೆ ಹಾಡಿಗೆ ಎರಡೂವರೆ ಗಂಟೆ ಇಟ್ಟರೆ ಒಂಬತ್ತಕ್ಕೆ ಇಪ್ಪತ್ತೆರಡೂವರೆ. ಉಳಿಯುವ ಐದೂವರೆ ಗಂಟೆಯಲ್ಲಿ ವಯಲಿನ್, ಏಕತಾರಿ, ಹಾರ್ಮೋನಿಯಂ, ಹಿಮ್ಮೇಳ ಮುಗಿಯುವುದಿಲ್ಲ. ಏಳು ಹಾಡಿಗೆ ಇಳಿಸಿ, ಆಗ ಆ ಕೆಲಸಕ್ಕೆ ಹತ್ತೂವರೆ ಗಂಟೆ ಸಿಗುತ್ತದೆ. ಡೊಳ್ಳಿನ ಹಾಡುಗಳನ್ನೆಲ್ಲ ಒಟ್ಟಿಗೆ, ತಮಟೆಯವನ್ನು ಒಟ್ಟಿಗೆ ಮುಗಿಸಿದರೆ ಮೈಕ್ ಕದಲಿಸುವ ಹೊತ್ತು ಉಳಿಯುತ್ತದೆ. ಮೊದಲ ದಿನ ನಿಮಗೆ ಅತಿ ಸುಲಭವಾದ ಹಾಡನ್ನು ತೆಗೆದುಕೊಳ್ಳಿ, ಅತಿ ಮುಖ್ಯವಾದದ್ದು ಎರಡನೇ ದಿನ ಬೆಳಗ್ಗೆ ಇರಲಿ. ಪ್ರತಿ ಹಾಡಿಗೂ ಮೂರು ಪೂರ್ತಿ ಟೇಕ್ ತೆಗೆಯಿರಿ. ಐದಾದರೂ ಕೂಡಲಿಲ್ಲವೆಂದರೆ ಬಿಟ್ಟು ಮುಂದಿನ ಹಾಡಿಗೆ ಹೋಗಿ. ಆರು, ಏಳನೇ ಟೇಕಿನ ಹೊತ್ತಿಗೆ ಕೈ ದಣಿದಿರುತ್ತದೆ, ಹಾಡು ಬಾಯಿಪಾಠದಂತಾಗಿರುತ್ತದೆ.

ವಯಲಿನ್ ಮೈಕ್ 60 ಸೆಂಟಿಮೀಟರಿಗಿಂತ ಹತ್ತಿರ ಬೇಡ, ಬಿಲ್ಲು ಉಜ್ಜುವ ಸದ್ದೇ ಮುಂದಾಗುತ್ತದೆ. ಹಿಮ್ಮೇಳವನ್ನು ಒಬ್ಬೊಬ್ಬರಾಗಿ ತೆಗೆಯದೆ ನಾಲ್ವರೂ ಒಂದೇ ಮೈಕಿನ ಸುತ್ತ ನಿಂತು ಎರಡು ಸಲ ಹಾಡಿ, ಎರಡನೇ ಸಲ ಜಾಗ ಬದಲಿಸಿಕೊಂಡು. ಗುಂಪಿನ ದನಿ ತಾನಾಗಿ ಮೂಡುತ್ತದೆ.

ಮಿಕ್ಸಿಂಗ್‌ನಲ್ಲಿ (ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸುವಾಗ) ಮೊದಲ ತೀರ್ಮಾನ: ತಳದ ಜಾಗ ಡೊಳ್ಳಿನದೋ ಬೇಸಿನದೋ? 80 ಹರ್ಟ್ಸ್ ಕೆಳಗೆ ಇಬ್ಬರೂ ಇದ್ದರೆ ಯಾರೂ ಕೇಳಿಸುವುದಿಲ್ಲ. ನಾನಾದರೆ ಡೊಳ್ಳಿಗೆ ಕೊಡುತ್ತೇನೆ, ಬೇಸ್ ಚಿಕ್ಕ ಚಿಕ್ಕ ಸ್ವರಗಳನ್ನು ಹಿಡಿದು ಡೊಳ್ಳಿನ ದೊಡ್ಡ ಪೆಟ್ಟಿನ ಜಾಗದಲ್ಲಿ ಸುಮ್ಮನಿರಲಿ. ಡಬ್ಬದ ಗುಣ ಇನ್ನೂ ಉಳಿದಿದ್ದರೆ ಡೊಳ್ಳಿನಲ್ಲಿ 300ರಿಂದ 450 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ತೆಗೆಯಿರಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಳದ ಸದ್ದು ಬರುವುದೇ ಇಲ್ಲ, ಅಲ್ಲಿ ಡೊಳ್ಳು ಇದೆ ಎಂದು ತಿಳಿಯುವುದು ಕೋಲಿನ ಪೆಟ್ಟಿನಿಂದ. ಆದ್ದರಿಂದ ಕೋಲಿನ ಮೈಕನ್ನು ಪೂರ್ತಿ ಇಳಿಸಬೇಡಿ. ಹಾಡಿಗೆ ಹಾಕುವ ರಿವರ್ಬ್ (ಕೋಣೆಯ ಅನುರಣನದ ಗುಣ) 30-40 ಮಿಲಿಸೆಕೆಂಡ್ ತಡವಾಗಿ ಶುರುವಾಗಲಿ, ಮಾತಿನ ಮೊದಲ ಅಕ್ಷರ ಒದ್ದೆಯಾಗುವುದಿಲ್ಲ. ಬಿಡುಗಡೆಗೆ ಮುಂಚಿನ ಕೊನೆಯ ಹದವಾದ ಮಾಸ್ಟರಿಂಗ್‌ನಲ್ಲಿ ಜೋರಿನ ಪೈಪೋಟಿಗೆ ಇಳಿಯಬೇಡಿ. ಸ್ಪಾಟಿಫೈ ಎಲ್ಲ ಹಾಡನ್ನೂ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ಮಟ್ಟಕ್ಕೆ ತರುತ್ತದೆ. ನೀವು ಮೈನಸ್ 8ಕ್ಕೆ ಹಿಂಡಿ ಕೊಟ್ಟರೆ ಅದು 6 ಡೆಸಿಬೆಲ್ ಇಳಿಸುತ್ತದೆ. ಹಿಂಡುವಾಗ ಮೊಂಡಾದ ತಮಟೆಯ ಅಂಚು ಮಾತ್ರ ಮರಳುವುದಿಲ್ಲ. ಮೈನಸ್ 12ರಿಂದ 14, ಟ್ರೂ ಪೀಕ್ (ಅತಿ ಎತ್ತರದ ಕ್ಷಣದ ಮಟ್ಟ) ಮೈನಸ್ 1 ಎಂದು ಕೇಳಿ ಪಡೆಯಿರಿ.

ನೀವು ಕೇಳದೇ ಇದ್ದರೂ ಹಕ್ಕಿನ ಮಾತು ಹೇಳಲೇಬೇಕು, ಸ್ಟುಡಿಯೋಗೆ ಹೋಗುವ ಮೊದಲೇ ಮುಗಿಸಬೇಕಾದ ಕೆಲಸ ಅದು. ಭಾರತದಲ್ಲಿ ಕವಿ, ಸಂಗೀತಗಾರ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಪದಗಳಿಗೆ ಯಾರ ಒಪ್ಪಿಗೆಯೂ ಬೇಡ. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲೂ ಶರೀಫರ ಪದಗಳು ಹೊಸ ರಾಗಸಂಯೋಜನೆಯಲ್ಲಿವೆ. ನೀವು ಹಾಡುತ್ತಿರುವುದು ಸಿ. ಅಶ್ವಥ್ ಹಾಕಿದ ಧಾಟಿಯಾದರೆ ಮಾತೇ ಬೇರೆ. ಅವರು ತೀರಿಕೊಂಡದ್ದು 2009ರಲ್ಲಿ, ಆ ಸಂಯೋಜನೆಯ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಕೇಳಿ ಕೇಳಿ ಅದು ಜನಪದವೇ ಎನಿಸುವಷ್ಟು ಬಾಯಿಗೆ ಹತ್ತಿರುವುದರಿಂದ ಇಲ್ಲಿ ಎಚ್ಚರ ಬೇಕು. ಬೇಂದ್ರೆಯವರು 1981ರಲ್ಲಿ ತೀರಿಕೊಂಡವರು, ಅವರ ಕವಿತೆಗೆ 2041ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಮುದ್ರಿತ ಹಾಡಿನ ಮರುಹಾಡಿಕೆಗೆ ಕಾಪಿರೈಟ್ ಕಾಯ್ದೆಯ 31ಸಿ ಕಲಂನಲ್ಲಿ ದಾರಿಯಿದೆ. ಆದರೆ ಸಾಮಾನ್ಯವಾಗಿ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕಾದ್ದರಿಂದ ಸಣ್ಣ ತಂಡಕ್ಕೆ ಹಕ್ಕುದಾರರಿಗೆ ನೇರ ಪತ್ರ ಬರೆಯುವುದೇ ವಾಸಿ. ಒಪ್ಪಿಗೆ ಬರುವುದು ತಡವಾದರೆ ಕೈಬಿಡುವ ಎರಡು ಹಾಡಿನಲ್ಲಿ ಬೇಂದ್ರೆಯವರದೂ ಒಂದಾಗಲಿ.

ಬೀಸುವ ಪದಕ್ಕೆ ಕಾನೂನಿನ ತೊಡಕಿಲ್ಲ, ಆದರೆ ಅದನ್ನು ನಿಮಗೆ ಹಾಡಿ ಕಲಿಸಿದ ತಾಯಿಯ ಹೆಸರು, ಊರು ಅವರ ಒಪ್ಪಿಗೆಯೊಂದಿಗೆ ಆಲ್ಬಂನ ವಿವರದಲ್ಲಿ ಬರಬೇಕು, ಆ ಹಾಡಿನ ಆದಾಯದಲ್ಲಿ ಪಾಲೂ ಹೋಗಬೇಕು. ಬರೀ ‘ಜನಪದ’ ಎಂದು ಬರೆದು ಕೈತೊಳೆದುಕೊಳ್ಳುವ ರೂಢಿ ನನಗೆ ಸರಿಕಾಣದು. ನಿಮ್ಮ ಐದು ಹಾಡುಗಳಿಗೆ ಸಾಹಿತ್ಯ ಯಾರದು, ಧಾಟಿ ಯಾರದು, ಪಾಲೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಐವರೂ ಸಹಿ ಹಾಕಿ, ಬರೆದವರು ಐಪಿಆರ್‌ಎಸ್ (ಸಾಹಿತ್ಯ, ಸಂಗೀತ ರಚಿಸಿದವರಿಗೆ ರಾಯಧನ ಸಂಗ್ರಹಿಸಿ ಕೊಡುವ ಸಂಸ್ಥೆ) ಸದಸ್ಯರಾಗಲಿ. ಮುದ್ರಣದ ಹಕ್ಕು ಕಾನೂನಿನ ಪ್ರಕಾರ ಅದನ್ನು ಮಾಡಿಸುವ ಹೊಣೆ ಹೊತ್ತವರದು. ಹಣ ಕಟ್ಟಿದ ರಸೀದಿ ನಿಮ್ಮ ತಂಡದ ಹೆಸರಿನಲ್ಲೇ ಇರಲಿ, ಹಕ್ಕು ತಂಡದ್ದೆಂದು ಸ್ಟುಡಿಯೋ ಜೊತೆಗಿನ ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಬಿಡುಗಡೆಗೆ ನಾಲ್ಕು ವಾರ ಮೊದಲು, ಹಾಡನ್ನು ಸ್ಪಾಟಿಫೈಯಂಥ ತಾಣಗಳಿಗೆ ತಲುಪಿಸುವ ವಿತರಕರಿಗೆ ಹಾಡು ಕಳಿಸಿ. ಸ್ಪಾಟಿಫೈ ಸಂಪಾದಕರ ಪಟ್ಟಿಗೆ ಹಾಡನ್ನು ಸೂಚಿಸಲು ಕನಿಷ್ಠ ಏಳು ದಿನ ಮುಂಚೆ ಅದು ಅಲ್ಲಿ ಬಂದಿರಬೇಕು. ಪ್ರತಿ ಹಾಡಿಗೂ ಒಂದು ಐಎಸ್‌ಆರ್‌ಸಿ ಸಂಖ್ಯೆ (ಆ ಮುದ್ರಣದ ಗುರುತಿನ ಸಂಖ್ಯೆ) ಬೇಕು, ವಿತರಕರೇ ಕೊಡುತ್ತಾರೆ. ಭಾಷೆಯ ಜಾಗದಲ್ಲಿ ಕನ್ನಡ ಎಂದೇ ತುಂಬಿ. ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದೇ ಕಾಗುಣಿತ ಇಟ್ಟುಕೊಳ್ಳಿ, ಒಂದು ಕಡೆ ಒಂದು ಎ, ಇನ್ನೊಂದು ಕಡೆ ಎರಡು ಎ ಆದರೆ ಹುಡುಕುವವರಿಗೆ ಅರ್ಧದಷ್ಟು ಹಾಡುಗಳು ಸಿಗುವುದಿಲ್ಲ. ಮುಖಚಿತ್ರ 3000 ಪಿಕ್ಸೆಲ್ ಚೌಕ.

ನಾಲ್ಕನೇ ದಿನ ಸಂಜೆ ಸ್ಟುಡಿಯೋ ಬಿಡುವ ಮುನ್ನ ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದ ಶುರುವಾಗುವ 24 ಬಿಟ್ ವೇವ್ ಕಡತಗಳಾಗಿ ಎರಡು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. ಆಯ್ಕೆಯಾಗದ ಟೇಕುಗಳೂ ಅದರಲ್ಲಿರಲಿ. ಒಂದು ಡಿಸ್ಕ್ ಮಿಕ್ಸ್ ಮಾಡುವವರ ಬಳಿ, ಇನ್ನೊಂದು ಧಾರವಾಡದಲ್ಲಿ ನಿಮ್ಮ ಬಳಿ. ಮಿಕ್ಸ್ ಮುಗಿದ ಮೇಲೆ ಹಾಡಿಲ್ಲದ, ವಾದ್ಯ ಮಾತ್ರ ಇರುವ ಪ್ರತಿಯನ್ನೂ ಕೇಳಿ ಪಡೆಯಿರಿ, ನಾಳೆ ಯಾರಾದರೂ ಸಿನಿಮಾಕ್ಕೋ ನಾಟಕಕ್ಕೋ ಹಾಡು ಕೇಳಿದಾಗ ಮೊದಲು ಬೇಕಾಗುವುದು ಅದೇ.